ಬೋರ್ ಹೊಡೆಸುವಾಗ ಮಾತ್ರ ಅಪ್ಪನಿಗೆ ತೆಂಗಿನಕಾಯಿ ಯಾಕೆ ಬೇಕು?

ತಿಕೋಟಾ ದ್ರಾಕ್ಷಿ

ಎಲ್ಲರಿಗೂ ನಮಸ್ಕಾರ. ಯಾರನ್ನೂ ಹೀಯಾಳಿಸಲು ಇದನ್ನು ಬರೆಯುತ್ತಿಲ್ಲ. ಒಂದು ವಾರದಿಂದ ತಲೆ ಕೊರೆಯುತ್ತಿದೆ, ಅದಕ್ಕೇ ಕೇಳುತ್ತಿದ್ದೇನೆ.

ನಮ್ಮದು ವಿಜಯಪುರ ಜಿಲ್ಲೆ, ತಿಕೋಟಾ ಕಡೆ. ಐದು ಎಕರೆ ದ್ರಾಕ್ಷಿ ಇದೆ. ಅಪ್ಪ ಓದಿದ್ದು ಏಳನೇ ಇಯತ್ತೆ. ಆದರೆ ತೋಟದ ವಿಷಯದಲ್ಲಿ ಅವರ ಲೆಕ್ಕ ಬಹಳ ಪಕ್ಕಾ. ಯಾವ ದಿನ ಯಾವ ಔಷಧ ಹೊಡೆದರು, ಎಷ್ಟು ನೀರಿಗೆ ಎಷ್ಟು ಹಾಕಿದರು, ಅವತ್ತು ಮೋಡ ಇತ್ತೋ ಇಲ್ಲವೋ, ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಾರೆ. ಅಕ್ಟೋಬರ್ ಚಾಟ್ನಿಗೆ, ಅಂದರೆ ಬಳ್ಳಿ ಕತ್ತರಿಸುವ ಕೆಲಸಕ್ಕೆ, ಪಂಚಾಂಗ ನೋಡುವುದಿಲ್ಲ, ಮೊಬೈಲ್‌ನಲ್ಲಿ ಮಳೆ ಇದೆಯಾ ಅಂತ ನೋಡುತ್ತಾರೆ. ಎಲೆ ಮೇಲೆ ಡೌನಿ ರೋಗ ಕಂಡರೆ ದೇವರಿಗೆ ಹರಕೆ ಹೊರುವುದಿಲ್ಲ, ಪಂಪ್ ಹೆಗಲಿಗೆ ಹಾಕುತ್ತಾರೆ.

ಅದೇ ಅಪ್ಪ ಬೋರ್ ಹೊಡೆಸುವಾಗ ತೆಂಗಿನಕಾಯಿ ಹಿಡಿಯುವವರನ್ನು ಕರೆಸುತ್ತಾರೆ. ಆ ಯಜಮಾನರು ಅಂಗೈ ಮೇಲೆ ಕಾಯಿ ಅಡ್ಡ ಮಲಗಿಸಿಕೊಂಡು ಹೊಲದ ತುಂಬ ನಡೆಯುತ್ತಾರೆ. ಕಾಯಿ ಎದ್ದು ನಿಂತಲ್ಲಿ ನೀರಿದೆ ಅಂತ ಗೂಟ ಹೊಡೆಯುತ್ತಾರೆ. ಇದುವರೆಗೆ ನಾಲ್ಕು ಬೋರ್ ಆಗಿವೆ, ನಾಲ್ಕೂ ಕಾಯಿ ತೋರಿಸಿದ್ದೇ. ಮೊದಲನೆಯದು 2009ರಲ್ಲಿ, 320 ಅಡಿಗೆ ಎರಡು ಇಂಚು ನೀರು. ಎರಡನೆಯದು ಒಣ. ಮೂರನೆಯದು ಅರ್ಧ ಇಂಚು ಬಂದು ಒಂದೇ ಬೇಸಿಗೆಗೆ ನಿಂತಿತು. ಹೋದ ವರ್ಷ ನಾಲ್ಕನೆಯದು 700 ಅಡಿ ಹೋದರೂ ಬರೀ ಧೂಳು. ಆ ಸಾಲ ಇನ್ನೂ ತೀರಿಲ್ಲ. ಈಗ ಐದನೆಯದಕ್ಕೂ ಅವರನ್ನೇ ಕರೆಯೋಣ ಅಂತಾರೆ.

"ಅಪ್ಪಾ, ನಾಲ್ಕರಾಗ ಮೂರು ಸುಳ್ಳಾದವು" ಅಂದೆ. "ಮೊದಲನೇದು ಖರೇ ಆತಲ್ಲ? ನೀರಿನ ವಿಷಯದಾಗ ನಮ್ಮ ಬುದ್ಧಿ ನಡಿಯಂಗಿಲ್ಲಪಾ" ಅಂದರು.

ಇಷ್ಟು ಲೆಕ್ಕ ಗೊತ್ತಿರುವ ಮನುಷ್ಯ ಒಂದು ವಿಷಯದಲ್ಲಿ ಮಾತ್ರ ಹೀಗೆ ಯಾಕೆ? ಇನ್ನೊಂದು ಮಾತೂ ಹೇಳಬೇಕು. ನಾಲ್ಕನೇ ಸಲ ಕಾಯಿ ಎದ್ದು ನಿಂತಾಗ ನನಗೂ ಮೈ ಝುಮ್ ಅಂದಿತ್ತು.

ಕೆಂಪು ಬಸ್

ಅಣ್ಣಾರೇ, ನಾನು ಬೆಳಗಾವಿ ಡಿಪೋ ಡ್ರೈವರ್. ಬೆಕ್ಕು ಅಡ್ಡ ಬಂದರೆ ಇವತ್ತಿಗೂ ಒಂದು ಕ್ಷಣ ಬ್ರೇಕ್ ಮೇಲೆ ಕಾಲು ಇಡುತ್ತೇನೆ. ಹಿಂದೆ ಐವತ್ತು ಜನ ಕೂತಿರುತ್ತಾರೆ. ರಾತ್ರಿ ಅಂಬೋಲಿ ಘಾಟಿನಲ್ಲಿ ಮಂಜು ಕವಿದರೆ ಹತ್ತು ಅಡಿ ಮುಂದಿನದೂ ಕಾಣುವುದಿಲ್ಲ. ಬ್ರೇಕ್, ಟೈರು ಎಲ್ಲ ನೋಡಿಯೇ ಹೊರಡುತ್ತೇನೆ. ಆದರೂ ಎದುರಿನಿಂದ ಬರುವವನು ಹೇಗೆ ಬರುತ್ತಾನೆ ಅನ್ನುವುದು ನನ್ನ ಕೈಯಲ್ಲಿಲ್ಲ ಅಲ್ವಾ? ಆ ಉಳಿದ ಭಯಕ್ಕೆ ನಿಂಬೆಹಣ್ಣು ಕಟ್ಟುತ್ತೇವೆ. ನಿಮ್ಮ ಅಪ್ಪನವರು ಹೇಳಿದ ಮಾತು ನನಗೆ ಪೂರ್ತಿ ತಿಳಿಯಿತು.

ಟಿಳಕವಾಡಿ ಲೆಕ್ಚರರ್

ಡ್ರೈವರ್ ಅಣ್ಣ ಎರಡು ಸಾಲಿನಲ್ಲಿ ಹೇಳಿದ್ದನ್ನೇ ಒಬ್ಬ ಮಾನವಶಾಸ್ತ್ರಜ್ಞರು ನೂರು ವರ್ಷದ ಹಿಂದೆ ಕಂಡಿದ್ದರು. ಅವರ ಹೆಸರು ಮಾಲಿನೋವ್‌ಸ್ಕಿ. ಮೊದಲ ಮಹಾಯುದ್ಧದ ಕಾಲದಲ್ಲಿ ಈಗಿನ ಪಪುವಾ ನ್ಯೂಗಿನಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಮೀನುಗಾರರ ಜೊತೆ ಇದ್ದರು. ಅಲ್ಲಿಯ ಜನ ಎರಡು ಥರ ಮೀನು ಹಿಡಿಯುತ್ತಿದ್ದರು. ಒಂದು, ದಡದೊಳಗಿನ ಶಾಂತ ನೀರಿನಲ್ಲಿ. ಅಲ್ಲಿ ಅಪಾಯ ಇಲ್ಲ, ಮೀನು ಸಿಗುವುದೂ ಖಾತ್ರಿ. ಇನ್ನೊಂದು, ತೆರೆದ ಸಮುದ್ರದಲ್ಲಿ. ಅಲ್ಲಿ ಜೀವಕ್ಕೂ ಭರವಸೆ ಇಲ್ಲ, ಮೀನಿಗೂ ಇಲ್ಲ. ಒಳಗಿನ ನೀರಿನ ಮೀನುಗಾರಿಕೆಗೆ ಯಾವ ಮಂತ್ರವೂ ಇರಲಿಲ್ಲ. ಸಮುದ್ರಕ್ಕೆ ಹೋಗುವಾಗ ಮಾತ್ರ ಉದ್ದುದ್ದ ಮಂತ್ರ, ಕಟ್ಟುಪಾಡು. ಜನ ಅವರೇ, ದೋಣಿ ಕಟ್ಟುವ ಬುದ್ಧಿಯೂ ಅದೇ.

ತಿಕೋಟಾದವರೇ, ನಿಮ್ಮ ಅಪ್ಪನಿಗೆ ದ್ರಾಕ್ಷಿ ಅಂದರೆ ಒಳಗಿನ ನೀರು. ಬೋರ್ ಅಂದರೆ ಸಮುದ್ರ. ವಿಜಯಪುರದ ನೆಲದ ಕೆಳಗೆ ಇರುವುದು ಕಪ್ಪು ಬಸಾಲ್ಟ್ ಕಲ್ಲು. ನೀರು ಇದ್ದರೆ ಅದರ ಬಿರುಕಿನಲ್ಲಿ, ಪದರದ ಸಂದಿನಲ್ಲಿ ಇರುತ್ತದೆ. ಇಲ್ಲಿ ಬಿರುಕು ಇದ್ದು ಇಪ್ಪತ್ತು ಅಡಿ ಆಚೆ ಇಲ್ಲದೇ ಇರಬಹುದು. ಮೇಲೆ ನಿಂತವರ ಕಣ್ಣಿಗೆ ಅದು ಕಾಣುವುದಿಲ್ಲ.

ಇನ್ನು "ಮೊದಲನೇದು ಖರೇ ಆತಲ್ಲ" ಅನ್ನುವ ಮಾತಿಗೆ ಬರುತ್ತೇನೆ. 1948ರಲ್ಲಿ ಸ್ಕಿನ್ನರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ಎಂಟು ಪಾರಿವಾಳಗಳ ಮೇಲೆ ಒಂದು ಪ್ರಯೋಗ ಮಾಡಿದರು. ಪಾರಿವಾಳ ಏನೇ ಮಾಡಲಿ, ಮಾಡದಿರಲಿ, ಕೆಲವು ಸೆಕೆಂಡಿಗೊಮ್ಮೆ ಕಾಳು ತಾನಾಗಿ ಬರುವ ಹಾಗೆ ಇಟ್ಟರು. ಸ್ವಲ್ಪ ಹೊತ್ತಿಗೆ ಎಂಟರಲ್ಲಿ ಆರು ಪಾರಿವಾಳ ತಮ್ಮದೇ ಒಂದೊಂದು ಆಚರಣೆ ಶುರು ಮಾಡಿದವು. ಒಂದು ಗಿರಗಿರ ಸುತ್ತುತ್ತಿತ್ತು. ಒಂದು ಗೂಡಿನ ಮೂಲೆಗೆ ತಲೆ ಚುಚ್ಚುತ್ತಿತ್ತು. ಕಾಳು ಬಂದ ಹೊತ್ತಿಗೆ ಏನು ಮಾಡುತ್ತಿದ್ದವೋ ಅದರಿಂದಲೇ ಕಾಳು ಬಂತು ಅನ್ನುವ ಹಾಗೆ ಅದನ್ನೇ ಹಿಡಿದುಕೊಂಡವು ಅಂತ ಸ್ಕಿನ್ನರ್ ಹೇಳಿದರು. ಪಾರಿವಾಳ ಕಾಳಿಗೆ ಕಾಯುವಾಗ ಸಹಜವಾಗಿಯೇ ಹಾಗೆ ಆಡುತ್ತವೆ ಅಂತ ಮುಂದೆ ಬೇರೆಯವರು ತಕರಾರು ಎತ್ತಿದ್ದೂ ಇದೆ. ಆದರೆ ಒಂದು ಸಲ ಫಲ ಸಿಕ್ಕಿದ್ದನ್ನು ಮನಸ್ಸು ಬಿಡುವುದಿಲ್ಲ ಅನ್ನುವುದು ನಮ್ಮೆಲ್ಲರಿಗೂ ಗೊತ್ತು. 2009ರ ಎರಡು ಇಂಚು ನೀರು ನಿಮ್ಮ ಮನೆಗೆ ಬಂದ ಮೊದಲ ಕಾಳು.

ಕಾಯಿ ಹಿಡಿಯುವವರು ಮೋಸ ಮಾಡುತ್ತಾರೆ ಅಂತ ದಯವಿಟ್ಟು ತಿಳಿಯಬೇಡಿ. ಮನಸ್ಸಿನಲ್ಲಿ "ಇಲ್ಲೇ ಇರಬಹುದು" ಅನ್ನಿಸಿದರೆ ಸಾಕು, ನಮಗೇ ಗೊತ್ತಾಗದಷ್ಟು ಸಣ್ಣಗೆ ಸ್ನಾಯು ಅಲುಗುತ್ತದೆ. 1852ರಲ್ಲೇ ಕಾರ್ಪೆಂಟರ್ ಅನ್ನುವ ಇಂಗ್ಲೆಂಡಿನ ವೈದ್ಯರು ಇದಕ್ಕೆ ಹೆಸರು ಕೊಟ್ಟಿದ್ದಾರೆ. ಅಂಗೈ ಮೇಲಿನ ಗುಂಡನೆಯ ಕಾಯಿ ಅಷ್ಟಕ್ಕೇ ಏಳುತ್ತದೆ. ಅವರಿಗೆ ಕಾಯಿಯೇ ಎದ್ದ ಹಾಗೆ ಅನ್ನಿಸುತ್ತದೆ.

ತಿಕೋಟಾ ದ್ರಾಕ್ಷಿ

ಲೆಕ್ಚರರ್ ಸರ್, ಒಳಗಿನ ನೀರು, ಹೊರಗಿನ ಸಮುದ್ರ ಅನ್ನುವುದು ತಲೆಯಲ್ಲೇ ಉಳಿಯಿತು. ಆದರೆ ಕಾಯಿ ಹಿಡಿಯುವವರಿಗೆ ನಿಜವಾಗಿಯೂ ಏನೂ ಗೊತ್ತಾಗುವುದಿಲ್ಲ ಅಂತ ಯಾರಾದರೂ ಪರೀಕ್ಷೆ ಮಾಡಿದ್ದಾರಾ? ಅಪ್ಪ ಕೇಳುವ ಮೊದಲ ಪ್ರಶ್ನೆ ಅದೇ.

ಟಿಳಕವಾಡಿ ಲೆಕ್ಚರರ್

ಮಾಡಿದ್ದಾರೆ. ಜರ್ಮನಿಯ ಮ್ಯೂನಿಚ್‌ನಲ್ಲಿ 1987–88ರಲ್ಲಿ. ಅಲ್ಲಿ ಕಾಯಿ ಬದಲು ಕವಲುಕಡ್ಡಿ ಹಿಡಿಯುತ್ತಾರೆ. ಸುಮಾರು 500 ಜನರನ್ನು ನೋಡಿ, ಚೆನ್ನಾಗಿ ಮಾಡುವವರು ಅಂತ 43 ಜನರನ್ನು ಆರಿಸಿದರು. ಒಂದು ಕಣಜದ ಮನೆಯ ಕೆಳಗಿನ ಅಂತಸ್ತಿನಲ್ಲಿ ನೀರಿನ ಪೈಪನ್ನು ಬೇರೆ ಬೇರೆ ಜಾಗಕ್ಕೆ ಸರಿಸುತ್ತಾ ಹೋದರು. ಇವರು ಮೇಲಿನ ಅಂತಸ್ತಿನಲ್ಲಿ ನಿಂತು ಪೈಪ್ ಎಲ್ಲಿದೆ ಹೇಳಬೇಕು. ಒಟ್ಟು 843 ಸಲ. ಪ್ರಯೋಗ ಮಾಡಿದವರು ಕೆಲವರಿಗೆ ನಿಜವಾಗಿ ಗೊತ್ತಾಗುತ್ತದೆ ಅಂತ ಬರೆದರು. 1999ರಲ್ಲಿ ಎನ್‌ರೈಟ್ ಅನ್ನುವ ವಿಜ್ಞಾನಿ ಅದೇ ಅಂಕಿ ತೆಗೆದು ಮತ್ತೆ ಲೆಕ್ಕ ಹಾಕಿದರು. ಒಂದು ಸರಣಿಯಲ್ಲಿ ಸರಿ ಹೇಳಿದವರೇ ಮುಂದಿನದರಲ್ಲಿ ತಪ್ಪು ಹೇಳಿದ್ದರು. ಕಣ್ಣು ಮುಚ್ಚಿ ಬೆರಳಿಟ್ಟರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು.

ಇಳಕಲ್ ಮಗ್ಗ

ಓದುತ್ತಾ ಬಂದೆ. ನನ್ನದು ಸ್ವಲ್ಪ ಬೇರೆ ಮಾತು. ಬೇಜಾರು ಮಾಡಿಕೊಳ್ಳಬೇಡಿ.

ನಾನು ನೇಕಾರ. ಇಳಕಲ್ ಸೀರೆಯಲ್ಲಿ ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಜೋಡಿಸುವಾಗ ಒಂದೊಂದು ಎಳೆಗೂ ಕೈ ತಾಗಬೇಕು. ಆ ಕೆಲಸಕ್ಕೆ ಕೂರುವ ಮೊದಲು ಮಗ್ಗಕ್ಕೆ ಕುಂಕುಮ ಹಚ್ಚಿ ಕೈ ಮುಗಿಯುತ್ತೇನೆ. ಮುಗಿಯದೆ ಕೂತರೆ ಎಳೆ ಹರಿಯುತ್ತದೆ ಅನ್ನುವ ಅಳುಕು ಇದೆ. ಇದೂ ಮೂಢನಂಬಿಕೆಯಾ? ನನ್ನ ಶ್ರದ್ಧೆಯಿಂದ ಯಾರಿಗೆ ಏನು ನಷ್ಟ? ಊರಲ್ಲಿ ಕೆಲಸ ಕಡಿಮೆಯಾಗಿದೆ, ಪವರ್‌ಲೂಮ್ ಬಂದು ಕೂಲಿ ಇಳಿದಿದೆ. ಉಳಿದಿರುವುದು ಕೈಯ ಕಸುಬು ಮತ್ತು ಈ ಕೈಮುಗಿತ. ಅದನ್ನೂ ಪಾರಿವಾಳದ ಜೊತೆ ಇಟ್ಟು ಅಳೆದರೆ ಮನಸ್ಸಿಗೆ ನೋವಾಗುತ್ತದೆ.

ಇನ್ನೊಂದು. ಬೆಂಗಳೂರು ಕಡೆಯಿಂದ ಬಂದ ಒಬ್ಬ ಗಿರಾಕಿ ಅಮವಾಸೆ ದಿನ ಸೀರೆ ಒಯ್ಯುವುದಿಲ್ಲ ಅಂದರು. ನಮ್ಮಲ್ಲಿ ಅಮವಾಸೆ ಒಳ್ಳೆಯ ದಿನ. ಎಳ್ಳಮವಾಸೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ, ಮಣ್ಣೆತ್ತಿನ ಅಮವಾಸೆಗೆ ಎತ್ತು ಮಾಡಿ ಪೂಜಿಸುತ್ತೇವೆ. ಒಂದೇ ಚಂದ್ರ, ಒಂದೇ ದಿನ. ಹಾಗಾದರೆ ಯಾರ ನಂಬಿಕೆ ಮೂಢ, ಯಾರದು ಅಲ್ಲ?

ರಾತ್ರಿ ಪಾಳಿ ಸಿಸ್ಟರ್

ಇಳಕಲ್ ಅಣ್ಣಾರೇ, ನೀವು ಮಗ್ಗಕ್ಕೆ ಕೈ ಮುಗಿದರೆ ಯಾರ ತಕರಾರೂ ಇಲ್ಲ. ನೀವು ಕೈ ಮುಗಿದ ಮೇಲೆ ಕೊಂಡಿ ಹಾಕುವುದನ್ನು ಬಿಡುವುದಿಲ್ಲವಲ್ಲ. ಕೆಲಸ ನಡೆಯುತ್ತದೆ. ಕೆಲಸದ ಜಾಗದಲ್ಲಿ ನಂಬಿಕೆಯೇ ಬಂದು ಕೂತಾಗ ನಾನು ನೋಡಿದ್ದನ್ನು ಹೇಳುತ್ತೇನೆ.

ನಾನು ಬಾಗಲಕೋಟೆ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಮಳೆಗಾಲದ ಒಂದು ಬೆಳಿಗ್ಗೆ ಒಬ್ಬ ಹುಡುಗನನ್ನು ಕರೆತಂದರು. ರಾತ್ರಿ ನೆಲದ ಮೇಲೆ ಮಲಗಿದ್ದ. ನಸುಕಿನಲ್ಲಿ ಹೊಟ್ಟೆನೋವು ಅಂದ. ಆಮೇಲೆ ರೆಪ್ಪೆ ಜೋತು ಬಿದ್ದವು, ಮಾತು ತೊದಲಿತು. ಮನೆಯವರು ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಿ, ನಿವಾಳಿಸಿ, ಮೂರು ತಾಸು ಕಳೆದಿದ್ದರು. ಮೈಮೇಲೆ ಗಾಯ ಇಲ್ಲ, ಬಾವು ಇಲ್ಲ. ಗಾಳಿ ಅಂತ ಅವರು ತಿಳಿದದ್ದರಲ್ಲಿ ದಡ್ಡತನ ಏನೂ ಇಲ್ಲ. ಅದು ಕಟ್ಟು ಹಾವು. ಕೆಲವು ಕಡೆ ಕಡಂಬಳ ಅಂತಾರೆ. ಅದರ ಹಲ್ಲು ಸಣ್ಣದು. ಕಚ್ಚಿದ ಗುರುತು ಹುಡುಕಿದರೂ ಸಿಗುವುದು ಕಷ್ಟ, ನೋವೂ ಬಹಳ ಇರುವುದಿಲ್ಲ. ರಾತ್ರಿ ಮನೆಯೊಳಗೆ ಬಂದು ನೆಲದ ಮೇಲೆ ಮಲಗಿದವರನ್ನೇ ಹೆಚ್ಚಾಗಿ ಕಚ್ಚುತ್ತದೆ. ವಿಷ ನರಗಳಿಗೆ ಏರಿ ಕೊನೆಗೆ ಉಸಿರಾಡುವ ಸ್ನಾಯುವೇ ನಿಲ್ಲುತ್ತದೆ. ಆ ಹುಡುಗನಿಗೆ ಎಎಸ್‌ವಿ, ಅಂದರೆ ಹಾವಿನ ವಿಷ ಇಳಿಸುವ ಔಷಧ, ಕೊಟ್ಟು ವೆಂಟಿಲೇಟರ್ ಇರುವ ಕಡೆ ಕಳಿಸಿದೆವು. ಬದುಕಿದ. ಎಲ್ಲರೂ ಬದುಕುವುದಿಲ್ಲ.

ಹಾವಿನ ಮಂತ್ರ ಹಾಕುವವರ ಮೇಲೆ ಜನರಿಗೆ ಯಾಕೆ ಇಷ್ಟು ನಂಬಿಕೆ ಅಂತ ಬಹಳ ದಿನ ಯೋಚಿಸಿದ್ದೇನೆ. ನಮ್ಮ ಸುತ್ತ ಇರುವ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವೇ ಇಲ್ಲ. ವಿಷ ಇರುವ ಹಾವೂ ಕಚ್ಚಿದಾಗೆಲ್ಲ ವಿಷ ಬಿಡುವುದಿಲ್ಲ. ಹಾಗಾಗಿ ಮಂತ್ರದವರ ಹತ್ತಿರ ಹೋದವರಲ್ಲಿ ಬಹಳ ಜನ ಬದುಕುತ್ತಾರೆ, ಊರೆಲ್ಲ ಹೇಳಿಕೊಂಡು ಬರುತ್ತಾರೆ. ಸತ್ತವರು ಹೇಳುವುದಿಲ್ಲ. ಅವರ ಮನೆಯವರು "ತಡ ಆತು, ಹಣೆಬರಹ" ಅಂತಾರೆ. ಹೀಗೆ ಬದುಕಿದವರೆಲ್ಲ ಮಂತ್ರದ ಖಾತೆಗೆ, ಸತ್ತವರೆಲ್ಲ ಹಣೆಬರಹದ ಖಾತೆಗೆ. ಭಾರತದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸುಮಾರು 58,000 ಜನ ಸಾಯುತ್ತಾರೆ ಅಂತ 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಹೇಳಿದೆ. ನಮ್ಮ ರಾಜ್ಯದಲ್ಲಿ 2024ರಿಂದ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕು.

ಕಾಮಣಿಯದೂ (ಕಾಮಾಲೆ) ಇದೇ ಕಥೆ. ಕೆಟ್ಟ ನೀರಿನಿಂದ ಬರುವ ಕಾಮಣಿ ಬಹಳ ಸಲ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಆ ವಾರಗಳಲ್ಲಿ ಯಾರು ಏನು ಕೊಟ್ಟರೂ ಹೆಸರು ಅವರಿಗೆ. ಆದರೆ ಹುಟ್ಟಿದ ನಾಲ್ಕು ದಿನದ ಕೂಸಿಗೆ ಕಾಮಣಿ ಅಂತ ಹೊಟ್ಟೆ ಮೇಲೆ ಬರೆ ಹಾಕಿ ತರುತ್ತಾರಲ್ಲ, ಅದನ್ನು ನೋಡಿದ ದಿನ ನನಗೆ ಊಟ ಸೇರುವುದಿಲ್ಲ. ಆಸ್ಪತ್ರೆಯಲ್ಲಿ ನೀಲಿ ಬೆಳಕಿನ ಕೆಳಗೆ ಮಲಗಿಸಿದರೆ ಬಹಳ ಸಲ ಇಳಿಯುವ ಕಾಮಣಿ ಅದು.

ಒಂದು ಮಾತು ಮುಚ್ಚಿಡುವುದಿಲ್ಲ. ಆ ಹುಡುಗನ ಅವ್ವನನ್ನು "ಮೂರು ತಾಸು ಏನು ಮಾಡಿದ್ರಿ" ಅಂತ ಗದರಿದೆ. ಆಕೆ ಹೇಳಿದ್ದು: "ಗಾಡಿ ಇರಲಿಲ್ಲ ಸಿಸ್ಟರ್. ಸುಮ್ನೆ ಕೂಡೂಕಿಂತ ಏನರ ಮಾಡಬೇಕಲ್ಲ." ಅವತ್ತಿನಿಂದ ನಾನು ಗದರುವುದನ್ನು ಬಿಟ್ಟೆ. ಆ ಊರಿನ ಆಶಾ ಕಾರ್ಯಕರ್ತೆಗೆ ಹೇಳಿ ಪ್ರತಿ ಮನೆಯ ಬಾಗಿಲಿಗೆ 108 ನಂಬರ್ ಬರೆಸಿದೆವು.

ಇಂಡಿ ನಿಂಬೆ

ಸಿಸ್ಟರ್, ಆ ಅವ್ವನ ಮಾತು ಓದಿ ಸುಮ್ಮನೆ ಕೂತೆ.

ನಾವು ನಿಂಬೆ ಬೆಳೆಯುವವರು. 2023ರಲ್ಲಿ ಇಂಡಿ ನಿಂಬೆಗೆ ಜಿಐ ಮಾನ್ಯತೆ (ಊರಿನ ಹೆಸರಿನ ಗುರುತು) ಸಿಕ್ಕಾಗ ಖುಷಿಯಾಗಿತ್ತು. ನನ್ನ ಪ್ರಶ್ನೆ ಬೇರೆ. ಬಾಗಿಲಿಗೆ ನಿಂಬೆ, ಮೆಣಸಿನಕಾಯಿ ಕಟ್ಟಿದರೆ ಕ್ರಿಮಿಕೀಟ ಬರುವುದಿಲ್ಲ, ಹಿರಿಯರದು ಎಲ್ಲಾ ವಿಜ್ಞಾನವೇ ಅಂತ ವಾಟ್ಸಾಪ್‌ನಲ್ಲಿ ಬರುತ್ತದಲ್ಲ, ಅದು ನಿಜವಾ? ನಮ್ಮ ನಿಂಬೆ ಗಿಡಕ್ಕೇ ಹುಳ ಬೀಳುತ್ತದೆ, ವರ್ಷಕ್ಕೆ ಎಷ್ಟೋ ಸಲ ಔಷಧ ಹೊಡೆಯುತ್ತೇವೆ. ದಾರಕ್ಕೆ ಕಟ್ಟಿದ ಒಂದು ಹಣ್ಣಿಗೆ ಹುಳ ಹೆದರುತ್ತದಾ?

ರಾತ್ರಿ ಪಾಳಿ ಸಿಸ್ಟರ್

ನೀವೇ ಉತ್ತರ ಕೊಟ್ಟಿರಿ. ದೃಷ್ಟಿಗೆ ಅಂತ ಕಟ್ಟುವ ಅಜ್ಜಿ ದೃಷ್ಟಿಗೆ ಅಂತಲೇ ಹೇಳುತ್ತಾಳೆ. ವಿಜ್ಞಾನ ಅಂತ ಮೆಸೇಜ್ ಬರೆಯುವವರು ಮಾತ್ರ ಪರೀಕ್ಷೆ ಮಾಡದೇ ಕಾರಣ ಹುಟ್ಟಿಸುತ್ತಾರೆ. ನನಗೆ ಅಜ್ಜಿಗಿಂತ ಆ ಮೆಸೇಜಿನದ್ದೇ ಚಿಂತೆ ಜಾಸ್ತಿ. ಓದಿದವರು ಪ್ರಶ್ನೆ ಕೇಳದಂತೆ ಅದು ಬಾಯಿ ಮುಚ್ಚಿಸುತ್ತದೆ.

ಮಲಪ್ರಭಾ ಮಾಸ್ತರ

ನಾನು ಸವದತ್ತಿ ಕಡೆಯ ನಿವೃತ್ತ ಪ್ರಾಥಮಿಕ ಶಾಲೆ ಮಾಸ್ತರ. ಎರಡು ಸಂಗತಿ ಹೇಳುತ್ತೇನೆ, ಉದ್ದವಾದರೆ ಕ್ಷಮಿಸಿ.

ಮೊದಲನೆಯದು ಒನಕೆ. ಗ್ರಹಣ ಹಿಡಿದಾಗ ತಾಟಿನಲ್ಲಿ ನೀರು ಹಾಕಿ ಒನಕೆ ನಿಲ್ಲಿಸುತ್ತಾರೆ. ಗ್ರಹಣ ಇರುವಷ್ಟು ಹೊತ್ತು ನಿಲ್ಲುತ್ತದೆ, ಬಿಟ್ಟ ಮೇಲೆ ಬೀಳುತ್ತದೆ ಅನ್ನುವ ನಂಬಿಕೆ ನಮ್ಮ ಎಲ್ಲ ಊರಲ್ಲೂ ಇದೆ. 2022ರ ಅಕ್ಟೋಬರ್ 25ರಂದು ಸೂರ್ಯಗ್ರಹಣ ಇತ್ತು. ಮುಂದಿನ ವಾರ, ಯಾವ ಗ್ರಹಣವೂ ಇಲ್ಲದ ದಿನ, ನಾನು ಶಾಲೆಯ ಪಡಸಾಲೆಯಲ್ಲಿ ಒನಕೆ ತರಿಸಿದೆ. ಒನಕೆಯ ತುದಿಗೆ ಕಬ್ಬಿಣದ ಬಳೆ ಇರುತ್ತದೆ, ತಳ ಚಪ್ಪಟೆ. ಕೈ ನಡುಗಿಸದೆ ನಿಧಾನವಾಗಿ ಬಿಟ್ಟರೆ ನಿಲ್ಲುತ್ತದೆ. ಆರನೇ ಇಯತ್ತೆ ಹುಡುಗಿಯೊಬ್ಬಳು ಮೂರನೇ ಪ್ರಯತ್ನಕ್ಕೆ ನಿಲ್ಲಿಸಿದಳು. ನೀರಿಲ್ಲದ ನೆಲದ ಮೇಲೂ ನಿಂತಿತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಬಹಳ ದೊಡ್ಡ ಕೆಲಸ ಮಾಡಿದೆ ಅಂತ ನನಗೂ ಅನ್ನಿಸಿತು.

ಮರುದಿನ ಆ ಹುಡುಗಿ ಬಂದು ಹೇಳಿದಳು: "ಗುರುಗಳ, ನಮ್ಮ ಅಜ್ಜಿಗ ತೋರಿಸಿದೆ. ಆಕಿ ಅಂದ್ಳು, ಅದು ಯಾವಾಗಲೂ ನಿಲ್ಲತದಂತ ನನಗ ಗೊತ್ತೈತಿ ಬಿಡು. ಗ್ರಹಣದಾಗ ಎಲ್ಲಾರೂ ಕೂಡಿ ನಿಲ್ಲಸತೀವಿ, ಅದು ಚೆಂದ ಅಂತ."

ಆ ಅಜ್ಜಿಗೆ ಗೊತ್ತಿತ್ತು! ಜನರಿಗೆ ಗೊತ್ತಿಲ್ಲ, ನಾವು ಹೇಳಿದರೆ ಬಿಡುತ್ತಾರೆ ಅಂತ ಮೂವತ್ತು ವರ್ಷ ತಿಳಿದುಕೊಂಡಿದ್ದೆ. ಗೊತ್ತಿರುವುದು ಬೇರೆ, ಹಿಡಿದುಕೊಳ್ಳುವುದು ಬೇರೆ ಅಂತ ಆಕೆ ನನಗೆ ತೋರಿಸಿಕೊಟ್ಟಳು. ಕತ್ತಲಾಗುವ ಹಗಲಿನಲ್ಲಿ ಮನೆಮಂದಿ ಒಂದು ಕಡೆ ಕೂರುವುದಕ್ಕೆ ಒಂದು ನೆಪ ಬೇಕಿತ್ತು. ಆ ಒನಕೆಯನ್ನು ನಾನು ಬೀಳಿಸಲು ಹೋಗುವುದಿಲ್ಲ. ಆದರೆ 2019ರ ಡಿಸೆಂಬರ್ 26ರ ಗ್ರಹಣದ ದಿನ ಕಲಬುರಗಿ ಹತ್ತಿರದ ತಾಜ್‌ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತರು, ವಾಸಿಯಾಗುತ್ತದೆ ಅಂತ. ಅಳುವ ಮಗುವಿಗೆ ಅದು ಚೆಂದ ಅಲ್ಲ.

ಎರಡನೆಯದು ಜಟೆ. ಎಲ್ಲಮ್ಮನ ಗುಡ್ಡದ ಸುತ್ತಲಿನ ಊರುಗಳಲ್ಲಿ ಹೆಣ್ಣುಮಗುವಿನ ಕೂದಲು ಜಟೆಗಟ್ಟಿದರೆ ದೇವಿ ಕರೆದಳು ಅನ್ನುತ್ತಿದ್ದರು. ಹಾಗೆ ಕರೆದು ಎಷ್ಟು ಹುಡುಗಿಯರ ಬಾಳು ಮುತ್ತು ಕಟ್ಟಿ ದೇವದಾಸಿ ಮಾಡುವುದರಲ್ಲಿ ಮುಗಿಯಿತೋ. ನಮ್ಮ ಕಡೆಯ ಬಹಳಷ್ಟು ಊರು ಮುಂಬೈ ಪ್ರಾಂತ್ಯದಲ್ಲಿದ್ದಾಗ 1934ರಲ್ಲೇ ದೇವದಾಸಿ ಪದ್ಧತಿ ವಿರುದ್ಧ ಕಾಯ್ದೆ ಬಂದಿತ್ತು. ಕರ್ನಾಟಕದ ಕಾಯ್ದೆ 1982ರಲ್ಲಿ ಬಂತು. ಕಾಯ್ದೆ ಬಂದರೂ ಜಟೆಯ ಭಯ ಹೋಗಲಿಲ್ಲ. ಕೂದಲು ಬಾಚದೆ, ತೊಳೆಯದೆ ಬಿಟ್ಟರೆ ಎಳೆಗಳು ಒಂದಕ್ಕೊಂದು ಸಿಕ್ಕು ಕಂಬಳಿ ಹಾಗೆ ಆಗುತ್ತವೆ. ದೇವಿಯ ಗುರುತು ಅಂತ ಮೇಲೆ ಭಂಡಾರ ಹಾಕಿ ಬಾಚುವುದನ್ನೇ ಬಿಟ್ಟರೆ ಇನ್ನೂ ಬಿಗಿಯುತ್ತದೆ.

ನನ್ನ ಏಳನೇ ಇಯತ್ತೆಯಲ್ಲಿ ಅಂಥ ಒಬ್ಬ ಹುಡುಗಿ ಇದ್ದಳು. ಕುತ್ತಿಗೆ ಓರೆ ಮಾಡಿಕೊಂಡು ಬರೆಯುತ್ತಿದ್ದಳು, ಅಷ್ಟು ಭಾರ. ಅವಳ ಅವ್ವ ವಿಧವೆ, ಕೂಲಿ ಮಾಡುವಾಕೆ. ನಾಲ್ಕು ತಿಂಗಳು ಮನೆಗೆ ಹೋಗಿಬಂದೆ. ಕೊನೆಗೆ ಆಕೆ ಅಂದಳು: "ಕತ್ತರಿಸಿದವರಿಗೆ ಕೇಡು ಆಗತೈತಿ ಗುರುಗಳ, ನಾ ಹೆಂಗ ಹೂಂ ಅನ್ನಲಿ?" ಆಕೆ ಹೆದರಿದ್ದು ಮಗಳಿಗೆ ಮಾತ್ರ ಅಲ್ಲ, ನನಗೂ ಸೇರಿ. "ಆ ಕೇಡು ನನ್ನ ತಲಿ ಮ್ಯಾಲೆ ಇರಲಿ" ಅಂತ ಹೇಳಿ ನಾನೇ ಕತ್ತರಿಸಿದೆ. ಹುಡುಗಿ ತಲೆ ಎತ್ತಿ ನಕ್ಕಳು.

ಆಮೇಲೆ ಆ ತಾಯಿ ಪ್ರತಿ ಸೋಮವಾರ ಯಾರನ್ನಾದರೂ ಕಳಿಸಿ ವಿಚಾರಿಸುತ್ತಿದ್ದಳು, ಗುರುಗಳು ಆರಾಮ ಇದ್ದಾರೇನು ಅಂತ. ಒಂದೂವರೆ ತಿಂಗಳಿಗೆ ನನಗೆ ಜ್ವರ ಬಂತು. ಮಳೆಗಾಲ, ಊರಲ್ಲಿ ಅರ್ಧ ಜನಕ್ಕೆ ಜ್ವರ. ಆದರೂ ನಾನು ರಜೆ ಹಾಕಲಿಲ್ಲ. ಮಾತ್ರೆ ನುಂಗಿ ಶಾಲೆಗೆ ಹೋಗಿ ಆಕೆಗೆ ಕಾಣುವ ಹಾಗೆ ಬಾಗಿಲಲ್ಲಿ ನಿಂತೆ. ಆ ಒಂದು ಜ್ವರ ಆಕೆಯ ಕಿವಿಗೆ ಬಿದ್ದಿದ್ದರೆ ನಾಲ್ಕು ತಿಂಗಳ ಮಾತು ನೀರಿಗೆ ಹೋಗುತ್ತಿತ್ತು.

ಜಮಖಂಡಿ ಸೊಸೆ

ಮಾಸ್ತರ ಬರೆದಿದ್ದು ಓದಿ ಧೈರ್ಯ ಬಂತು. ನಾನು ಎಲ್ಲೂ ಹೇಳಿಕೊಳ್ಳದ ಮಾತು ಇದು.

ನನ್ನ ಮದುವೆಯಾಗಿ ನಾಲ್ಕು ತಿಂಗಳಿಗೆ ಮಾವ ತೀರಿಕೊಂಡರು, ಹೃದಯಾಘಾತ. ಅವರಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ಬಿಪಿ. ತಂಬಾಕು ಬಿಟ್ಟಿರಲಿಲ್ಲ. ಮಣ್ಣು ಕೊಟ್ಟು ಬಂದ ರಾತ್ರಿಯೇ ಅಡುಗೆಮನೆಯಲ್ಲಿ ಮಾತು ಕೇಳಿಸಿತು: "ಹೊಸಾಕಿ ಕಾಲ್ಗುಣ." ಅವತ್ತಿನಿಂದ ಮೂರು ವರ್ಷ ಯಾವ ಶುಭಕಾರ್ಯಕ್ಕೂ ನನ್ನನ್ನು ಮುಂದೆ ಬಿಡಲಿಲ್ಲ. ಕುಬಸದ (ಸೀಮಂತದ) ಕಾರ್ಯಕ್ಕೆ ಹೋದರೆ ಹಿಂದಿನ ಬಾಗಿಲಿಂದ ಬಾ ಅಂದರು. ಹಾಲು ಒಡೆದರೆ ನನ್ನ ಕಡೆ ನೋಡುತ್ತಿದ್ದರು. ನಿಧಾನಕ್ಕೆ ನನಗೇ ಅನ್ನಿಸತೊಡಗಿತು, ಇರಬಹುದೇನೋ ಅಂತ. ತವರಿಗೆ ಹೋಗುವುದಕ್ಕೂ ಅಂಜುತ್ತಿದ್ದೆ, ಅಪ್ಪನಿಗೆ ಏನಾದರೂ ಆದರೆ ಅಂತ.

ನಮ್ಮ ಅತ್ತೆ ಕೆಟ್ಟವರಲ್ಲ. ಮೂವತ್ತೈದು ವರ್ಷ ಜೊತೆಗಿದ್ದವರು ಒಂದು ಬೆಳಿಗ್ಗೆ ಏಳಲಿಲ್ಲ. ಯಾಕೆ ಅಂತ ಯಾರೂ ಅವರಿಗೆ ಕೂತು ಹೇಳಲಿಲ್ಲ. ಡಾಕ್ಟರ್ ಒಂದು ಚೀಟಿ ಕೊಟ್ಟರು ಅಷ್ಟೇ. ಕಾರಣ ಬೇಕಿತ್ತು, ಕಣ್ಣೆದುರು ನಾನಿದ್ದೆ.

ಮುಂದೆ ಮೈದುನನಿಗೆ ಸರ್ಕಾರಿ ನೌಕರಿ ಸಿಕ್ಕಿತು. ಅದೇ ವರ್ಷ ನನಗೆ ಮಗ ಹುಟ್ಟಿದ್ದ. "ನಮ್ಮ ಸೊಸಿ ಕಾಲ್ಗುಣ ಛಲೋ ಐತಿ" ಅಂತ ಅದೇ ಅಡುಗೆಮನೆಯಲ್ಲಿ ಮಾತಾಯಿತು. ಎಲ್ಲರೂ ನಗುತ್ತಿದ್ದರು. ನಾನು ಹೇಳಿದೆ: "ಅತ್ತೀ, ಮೈದುನ ರಾತ್ರಿ ಎರಡರ ತನಕ ಓದ್ಯಾನ. ನನ್ನ ಕಾಲಿಗೆ ಏನೂ ಹಚ್ಚಬ್ಯಾಡ್ರಿ, ಒಳ್ಳೇದೂ ಬ್ಯಾಡ." ಒಳ್ಳೆಯದನ್ನು ಒಪ್ಪಿಕೊಂಡರೆ ಮಾವನ ಸಾವನ್ನೂ ಒಪ್ಪಿಕೊಂಡಂತೆ. ಅದು ಅವರಿಗೆ ತಿಳಿಯಿತು ಅನ್ನಿಸುತ್ತದೆ. ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ನನ್ನ ಕೈ ಹಿಡಿದುಕೊಂಡರು.

ಕೆಂಪು ಬಸ್

ತಂಗೀ, ಮೂರು ವರ್ಷ ಹೇಗೆ ತಡೆದುಕೊಂಡಿದ್ದೀ. ನನ್ನ ಮಗನ ಮದುವೆ ಮುಂದಿನ ವರ್ಷ. ಈ ಮಾತು ನಮ್ಮ ಮನೆಯಲ್ಲಿ ಹುಟ್ಟಲು ಬಿಡುವುದಿಲ್ಲ.

ಟಿಳಕವಾಡಿ ಲೆಕ್ಚರರ್

ಅಕ್ಕಾರೇ, ನಿಮ್ಮ ಅತ್ತೆಯವರ ಮನಸ್ಸಿನಲ್ಲಿ ಆದದ್ದಕ್ಕೆ ಹತ್ತಿರದ ಒಂದು ಪ್ರಯೋಗ 2008ರಲ್ಲಿ ಅಮೆರಿಕದಲ್ಲಿ ಆಗಿದೆ. ಕೆಲವರಿಗೆ ಯಾವುದೂ ತಮ್ಮ ಕೈಯಲ್ಲಿಲ್ಲ ಅನ್ನುವ ಭಾವನೆ ಬರುವ ಹಾಗೆ ಮಾಡಿ, ಆಮೇಲೆ ಚುಕ್ಕಿ ಚುಕ್ಕಿಯಾಗಿ ಕಲಸಿದ ಚಿತ್ರ ತೋರಿಸಿದರು. ಅವರಿಗೆ ಏನೂ ಇಲ್ಲದ ಕಡೆಯೂ ಆಕಾರ ಕಂಡಿತು, ಉಳಿದವರಿಗಿಂತ ಜಾಸ್ತಿ. ಸಂಕಟದಲ್ಲಿ ಮನಸ್ಸು ಖಾಲಿ ಗೋಡೆಯ ಮೇಲೂ ಚಿತ್ರ ಕಾಣುತ್ತದೆ.

ದೊಡ್ಡವರೂ ಇದಕ್ಕೆ ಹೊರತಲ್ಲ. ಚಾಮರಾಜನಗರಕ್ಕೆ ಹೋದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಅಂತ ಎಷ್ಟು ವರ್ಷ ಯಾರೂ ಆ ಕಡೆ ಹೋಗಲಿಲ್ಲ. ನಮ್ಮ ರಾಜ್ಯದಲ್ಲಿ ಐದು ವರ್ಷ ಪೂರೈಸಿದ ಮುಖ್ಯಮಂತ್ರಿಗಳೇ ಬೆರಳೆಣಿಕೆ. ಹೋದರೂ, ಹೋಗದಿದ್ದರೂ ಕುರ್ಚಿ ಹೋಗುತ್ತಿತ್ತು. ಸಿದ್ದರಾಮಯ್ಯ ಹಲವು ಸಲ ಹೋಗಿಬಂದು 2018ಕ್ಕೆ ಅವಧಿ ಮುಗಿಸಿದರು.

ಕೋರ್ಟ್ ರಸ್ತೆ ವಕೀಲ

ಬೆಳಗಾವಿಯಿಂದ. ಯಾರೂ ಕಾಯ್ದೆಯ ಮಾತು ಪೂರ್ತಿ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ವಾಮಾಚಾರ ಮತ್ತು ಅಮಾನವೀಯ ಪದ್ಧತಿಗಳ ವಿರುದ್ಧ ಕರ್ನಾಟಕದ ಕಾಯ್ದೆ 2017ರದು, ಜಾರಿಗೆ ಬಂದಿದ್ದು 2020ರ ಜನವರಿಯಲ್ಲಿ. ಹಾವು, ಚೇಳು, ನಾಯಿ ಕಚ್ಚಿದವರಿಗೆ ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕಿದರೆ ಅದು ಅಪರಾಧ. ಶಿಕ್ಷೆ ಒಂದು ವರ್ಷದಿಂದ ಏಳು ವರ್ಷ, ದಂಡ 5,000ದಿಂದ 50,000 ರೂಪಾಯಿ. ಜ್ಯೋತಿಷ್ಯ, ವಾಸ್ತು ಇದರಲ್ಲಿ ಬರುವುದಿಲ್ಲ. ನೇಕಾರ ಅಣ್ಣನ ಕೈಮುಗಿತವೂ ಬರುವುದಿಲ್ಲ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಇಂಥ ಕಾಯ್ದೆಗೆ ವರ್ಷಗಟ್ಟಲೆ ದುಡಿದ ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಟ್ಟು ಕೊಂದರು. ಕಾಯ್ದೆ ಅದೇ ವರ್ಷ ಬಂತು.

ನಮ್ಮೂರಲ್ಲಿ ರಾಜಕಾರಣಿ ಸತೀಶ ಜಾರಕಿಹೊಳಿಯವರು 2014ರಿಂದ ಡಿಸೆಂಬರ್ 6ರಂದು ಸದಾಶಿವ ನಗರದ ಸ್ಮಶಾನದಲ್ಲಿ ಮೂಢನಂಬಿಕೆ ವಿರುದ್ಧ ಕಾರ್ಯಕ್ರಮ ಮಾಡುತ್ತಾ ಬಂದಿದ್ದಾರೆ. ಮೊದಲ ವರ್ಷ ಅಲ್ಲೇ ರಾತ್ರಿ ಮಲಗಿದರು. ನಾನು ಒಂದು ಸಲ ನನ್ನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಮೊದಲು ನನ್ನ ಶರ್ಟ್ ಬಿಡಲಿಲ್ಲ. ಊಟದ ಹೊತ್ತಿಗೆ ಸಮಾಧಿಗಳ ನಡುವೆ ಬೇರೆ ಮಕ್ಕಳ ಜೊತೆ ಆಡುತ್ತಿದ್ದಳು. ಮಕ್ಕಳಿಗೆ ಭಯವೂ ಬೇಗ ಬರುತ್ತದೆ, ಹೋಗುವುದೂ ಬೇಗ.

ಇಳಕಲ್ ಮಗ್ಗ

ನಾನು ಮೊದಲು ಬರೆದಿದ್ದರಲ್ಲಿ ಸಿಟ್ಟಿತ್ತು. ಜಮಖಂಡಿ ತಂಗಿಯ ಮಾತು ಓದಿದ ಮೇಲೆ ನನ್ನ ಹೆಂಡತಿಗೂ ಓದಿ ಹೇಳಿದೆ. ಆಕೆ ನನ್ನನ್ನು ಕೇಳಿದಳು, "ನಿಮ್ಮ ತಂಗಿ ವಿಧವೆ ಆದ ಮ್ಯಾಲೆ ಮಗ್ಗದ ಕಡೆ ಆಕಿನ್ನ ಬಿಟ್ಟೀರೇನು?" ಅಂತ. ಬಿಟ್ಟಿಲ್ಲ. ಮಗ್ಗಕ್ಕೆ ಹೊಸ ಹಾಸು (ಉದ್ದದ ಎಳೆಗಳು) ಏರಿಸುವ ದಿನ ಆಕೆಯೇ ತಿಳಿದುಕೊಂಡು ಪಕ್ಕದ ಮನೆಗೆ ಹೋಗಿ ಕೂರುತ್ತಾಳೆ. ನನ್ನ ಶ್ರದ್ಧೆಯಿಂದ ಯಾರಿಗೆ ನಷ್ಟ ಅಂತ ಕೇಳಿದ್ದೆನಲ್ಲ, ಉತ್ತರ ಮನೆಯಲ್ಲೇ ಇತ್ತು.

ನಾವು ಕೂಡಲಸಂಗಮಕ್ಕೆ ವರ್ಷಕ್ಕೊಮ್ಮೆ ಹೋಗುವವರು. ಕಲ್ಲಿನ ಹಾವಿಗೆ ಹಾಲೆರೆದು ನಿಜವಾದ ಹಾವನ್ನು ಕೊಲ್ಲುವವರನ್ನು ಬಸವಣ್ಣನವರು ಕೇಳಿದ ಪ್ರಶ್ನೆ ಚಿಕ್ಕವನಿದ್ದಾಗಿನಿಂದ ಬಾಯಿಪಾಠ. ಇವತ್ತಿನವರೆಗೆ ಅದನ್ನು ನನ್ನ ಮನೆಗೆ ಹಚ್ಚಿ ನೋಡಿರಲಿಲ್ಲ. ಮಗ್ಗಕ್ಕೆ ಕೈ ಮುಗಿಯುವುದನ್ನು ಬಿಡುವುದಿಲ್ಲ. ಮುಂದಿನ ಹಾಸು ಏರಿಸುವಾಗ ಮೊದಲ ಕುಂಕುಮ ತಂಗಿ ಕೈಯಿಂದ ಹಚ್ಚಿಸುತ್ತೇನೆ. ಆಕೆ ಒಪ್ಪುತ್ತಾಳೋ ಇಲ್ಲವೋ, ಕೇಳಿ ನೋಡುತ್ತೇನೆ.

ಜಮಖಂಡಿ ಸೊಸೆ

ಅಣ್ಣಾರೇ, ಮೊದಲ ಸಲ ಒಪ್ಪಲಿಕ್ಕಿಲ್ಲ. ಆಕೆಗೂ ಭಯ ಇರುತ್ತದೆ, ಎಳೆ ಹರಿದರೆ ತನ್ನ ಮೇಲೆ ಬರುತ್ತದೆ ಅಂತ. ಹರಿದರೂ ನಿನ್ನ ಮೇಲೆ ಹಾಕುವುದಿಲ್ಲ ಅಂತ ಮೊದಲೇ ಮಾತು ಕೊಡಿ.

ಇಳಕಲ್ ಮಗ್ಗ

ಕೊಡುತ್ತೇನೆ ತಂಗೀ.

ತಿಕೋಟಾ ದ್ರಾಕ್ಷಿ

ಮೂರು ದಿನದ ಮೇಲೆ ಬರೆಯುತ್ತಿದ್ದೇನೆ. ಅಪ್ಪನಿಗೆ ಇದೆಲ್ಲವನ್ನೂ ರಾತ್ರಿ ಓದಿ ಹೇಳಿದೆ. ಮ್ಯೂನಿಚ್ ಪರೀಕ್ಷೆಗೆ "ಅವರ ಊರಿನ ಕಡ್ಡಿ ಬ್ಯಾರೆ, ನಮ್ಮ ಕಾಯಿ ಬ್ಯಾರೆ" ಅಂದರು. ಹಾವಿನ ಹುಡುಗನ ಅವ್ವನ ಮಾತಿಗೆ ಏನೂ ಅನ್ನಲಿಲ್ಲ, ಎದ್ದು ಹೊರಗೆ ಹೋಗಿ ನಿಂತರು. ಸಾಲದ ಕಂತು ಬಂದಾಗಲೂ ಹಾಗೇ ನಿಲ್ಲುತ್ತಾರೆ.

ವಾದ ಮಾಡುವುದನ್ನು ಬಿಟ್ಟು ನಾನು ಅವರ ಔಷಧದ ನೋಟ್‌ಬುಕ್ ತಂದೆ. ಕೊನೆಯ ಹಾಳೆಯಲ್ಲಿ ಗೆರೆ ಹಾಕಿ ನಾಲ್ಕು ಬೋರ್ ಬರೆದೆ. ಯಾರು ತೋರಿಸಿದ್ದು, ಎಷ್ಟು ಅಡಿ, ಎಷ್ಟು ಇಂಚು, ಎಷ್ಟು ದಿನ ನಡೆಯಿತು. ಅಪ್ಪ ಬಹಳ ಹೊತ್ತು ನೋಡಿದರು. ಎರಡನೆಯದರ ಅಡಿ ತಪ್ಪು ಬರೆದಿದ್ದೆ, ಪೆನ್ನು ಇಸಿದುಕೊಂಡು ತಿದ್ದಿದರು. ಆಮೇಲೆ ಅಂದರು: "ಕಾಯಿಯವರನ್ನೂ ಕರಿ. ಆ ಕರೆಂಟ್ ಬಿಟ್ಟು ನೆಲ ನೋಡುವ ಮಷಿನ್‌ನವರನ್ನೂ ಕರಿ. ಒಬ್ಬರು ತೋರಿಸಿದ್ದು ಇನ್ನೊಬ್ಬರಿಗೆ ಗೊತ್ತಾಗಬಾರದು. ಎರಡೂ ಬರೆದಿಡು. ಹೊಡಿಯೂದು ಎಲ್ಲಿ ಅಂತ ಆಮ್ಯಾಲೆ ನೋಡೂಣು."

ನಿನ್ನೆ ಪಕ್ಕದ ತೋಟದ ಕಾಕಾ ಬಂದಿದ್ದರು. ಅವರದು ಆರು ಬೋರ್. ಆ ಹಾಳೆ ನೋಡಿ ತಮ್ಮವನ್ನೂ ಅದರ ಕೆಳಗೇ ಬರೆಸಿದರು. ಈಗ ಹತ್ತು ಆಗಿವೆ. ಸುತ್ತಮುತ್ತ ಯಾರಾದರೂ ತಮ್ಮ ಬೋರಿನ ಲೆಕ್ಕ ಕೊಡುವುದಾದರೆ ಇಲ್ಲಿ ಬರೆಯಿರಿ. ನೀರು ಬಿದ್ದಿದ್ದನ್ನು ಮಾತ್ರ ಅಲ್ಲ, ಒಣಗಿದ್ದನ್ನೂ ಬರೆಯಿರಿ. ಹಾಳೆಯಲ್ಲಿ ಇನ್ನೂ ಜಾಗ ಇದೆ.